ಸಂಚಾರಿ ದೂರವಾಣಿಯಲ್ಲಿ ಗುಟ್ಟು ಮತ್ತು ಗುರುತು

ಗುಟ್ಟು ಎಂಬ ಮಾತಿಗೂ ಗುರುತು ಎಂಬ ಮಾತಿಗೂ ಕನ್ನಡದಲ್ಲಿರುವ ಅರ್ಥಭೇದವನ್ನು ಹೊಸದಾಗಿ ವಿವರಿಸಬೇಕಾದುದಿಲ್ಲ. ಒಬ್ಬನಾಡಿದ ಮಾತು ಪರರ ಕಿವಿಗೆ ಬೀಳದೆ ಉಳಿಯುವುದು ಗುಟ್ಟು. ಆ ಮಾತನ್ನಾಡಿದವನು ಇಂಥವನೆಂದೂ, ಇಂಥ ಹೊತ್ತಿನಲ್ಲಿ ಇಂಥ ಸ್ಥಳದಲ್ಲಿದ್ದನೆಂದೂ ತಿಳಿಯಗೊಡುವುದು ಗುರುತು. ಆದರೆ ಸಂಚಾರಿ ದೂರವಾಣಿಯ, ಎಂದರೆ ಲೋಕದಲ್ಲಿ ಮೊಬೈಲೆಂದು ಕರೆಯುವ ಸಾಧನದ, ಭದ್ರತೆಯನ್ನು ಕುರಿತು ಚರ್ಚೆ ನಡೆದಾಗಲೆಲ್ಲ ಇವೆರಡನ್ನೂ ಒಂದೆಂದೇ ಭಾವಿಸುವ ರೂಢಿಯುಂಟು. ‘ನಮ್ಮ ಮಾತನ್ನು ಯಾರಾದರೂ ಕದ್ದು ಕೇಳುತ್ತಿರುವರೇ?’ ಎಂದು ಎಲ್ಲರೂ ಶಂಕಿಸುವರು. ‘ನಾವು ಎಲ್ಲಿರುವೆವೆಂಬುದನ್ನು ಯಾರು ಯಾರು ಬಲ್ಲರು?’ ಎಂದು ಕೇಳುವವರು ವಿರಳ. ಕಳೆದ ಮೂರು ದಶಕಗಳಿಗೂ ಮಿಕ್ಕ ಕಾಲದಲ್ಲಿ ಮಾತಿನ ಗುಟ್ಟನ್ನು ಕಾಯುವ ಉಪಾಯಗಳು ಮೇಲಿಂದ ಮೇಲೆ ಬಲಗೊಂಡಿವೆ. ಆಡುವವನ ಗುರುತನ್ನು ಕಾಯುವ ಕೆಲಸವು ಮಾತ್ರ ಹಿಂದುಳಿದಿದೆ. ಇದು ಹೀಗೇಕಾಯಿತೆಂಬುದನ್ನು ಆ ಜಾಲದ ರಚನೆಯಿಂದಲೇ ತೋರಿಸುವುದು ಈ ಲೇಖನದ ಉದ್ದೇಶ. ಯಂತ್ರಶಾಸ್ತ್ರದ ಪರಿಚಯವಿಲ್ಲದ ವಾಚಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ವಿಷಯವನ್ನು ಮೊದಲಿನಿಂದ ನಿರೂಪಿಸುವೆವು.

(೧)

ತಂತಿಯ ದೂರವಾಣಿಯಲ್ಲಿ ತಂತಿಯ ಕೊನೆ ಯಾವ ಮನೆಯಲ್ಲಿದೆಯೋ ಕರೆಯು ಆ ಮನೆಗೇ ಹೋಗಿ ಮುಟ್ಟುವುದು. ಚಂದಾದಾರನನ್ನು ಹುಡುಕಬೇಕಾದ ಪ್ರಮೇಯವೇ ಅಲ್ಲಿಲ್ಲ. ಸಂಚಾರಿ ದೂರವಾಣಿಗೆ ಇಂಥ ನೆಲೆಯಿಲ್ಲ. ಅದು ಸಮೀಪದ ಟವರಿನೊಡನೆ ರೇಡಿಯೋ ತರಂಗಗಳ ಮೂಲಕ ಸಂಪರ್ಕವಿಟ್ಟುಕೊಂಡು, ಒಡೆಯನು ಊರಿಂದೂರಿಗೆ ಹೋದಂತೆ ಒಂದು ಟವರನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತ ಸಾಗುವುದು. ಹೀಗಿರುವಲ್ಲಿ ಅವನಿಗೆ ಬಂದ ಕರೆಯನ್ನು ಮುಟ್ಟಿಸಬೇಕಾದರೆ ಅವನು ಸುಮಾರಾಗಿ ಯಾವ ಪ್ರದೇಶದಲ್ಲಿರುವನೆಂಬುದು ಜಾಲಕ್ಕೆ ಮೊದಲೇ ತಿಳಿದಿರಬೇಕು. ಆದಕಾರಣ ಫೋನು ಮಾತಿಲ್ಲದೆ ಸುಮ್ಮನೆ ಜೇಬಿನಲ್ಲಿರುವಾಗಲೂ ಆಗಾಗ ತನ್ನ ಇರವನ್ನು ಜಾಲಕ್ಕೆ ಅರಿಕೆ ಮಾಡಿಕೊಳ್ಳುತ್ತಿರುವುದು. ಚಂದಾದಾರನ ಸ್ವಂತ ಕಂಪನಿಯಲ್ಲಿ ಒಂದು ಮೂಲದಫ್ತರವೂ, ಅವನು ಸಂಚರಿಸುವ ಪ್ರದೇಶದಲ್ಲಿ ಒಂದು ತಾತ್ಕಾಲಿಕ ದಫ್ತರವೂ ಇದ್ದು, ಈ ಅರಿಕೆಗಳು ಅಲ್ಲಿ ದಾಖಲಾಗುತ್ತವೆ. ಇದನ್ನು ದೋಷವೆಂದೆಣಿಸುವಂತಿಲ್ಲ. ‘ಸಂಚಾರಿ’ ಎಂಬ ವಿಶೇಷಣವು ಸಾರ್ಥಕವಾಗುವುದೇ ಇದರಿಂದ. ಗುರುತನ್ನು ಕಾಯುವ ಕೆಲಸ ಕಷ್ಟವಾದುದಕ್ಕೆ ಮೂಲಕಾರಣವೂ ಇದೇ.

ಫೋನಿನೊಳಗಿನ ಸಿಮ್ ಕಾರ್ಡಿನಲ್ಲಿ ಎರಡು ಮುಖ್ಯ ವಸ್ತುಗಳಿರುತ್ತವೆ. ಒಂದು, ಸಾಮಾನ್ಯವಾಗಿ ಹದಿನೈದು ಅಂಕಿಗಳ ಒಂದು ಶಾಶ್ವತ ಸಂಖ್ಯೆ. ಇದು ನಾವು ಪರಸ್ಪರ ಹೇಳಿಕೊಳ್ಳುವ ಫೋನ್ ನಂಬರಲ್ಲ. ಜಾಲವು ಚಂದಾದಾರನನ್ನು ಗುರುತಿಸಿಕೊಳ್ಳುವ ಒಳಹೆಸರು. ಇದರ ಮೊದಲ ಮೂರು ಅಂಕಿಗಳು ದೇಶವನ್ನು ಸೂಚಿಸುತ್ತವೆ. ಭಾರತಕ್ಕೆ ೪೦೪ ಮತ್ತು ೪೦೫ ಎಂಬುವು ಸಲ್ಲುತ್ತವೆ. ಇನ್ನೊಂದು, ಗುಪ್ತವಾದ ಕೀಲಿಸಂಖ್ಯೆ. ಇದು ಕಾರ್ಡಿನಿಂದ ಎಂದೂ ಹೊರಬರತಕ್ಕದ್ದಲ್ಲ. ಇದರ ಪ್ರತಿಯು ಕಂಪನಿಯ ಬಳಿಯಲ್ಲಿ ಮಾತ್ರ ಇರುವುದು. ಶಾಶ್ವತ ಸಂಖ್ಯೆಯು ಗುರುತಿಗೆ ಸಂಬಂಧಪಟ್ಟದ್ದು; ಕೀಲಿಯು ಗುಟ್ಟಿಗೆ ಸಂಬಂಧಪಟ್ಟದ್ದು. ಮುಂದಿನ ಚರಿತ್ರೆಯೆಲ್ಲ ಇವೆರಡರ ಸುತ್ತಲೂ ನಡೆದಿದೆ.

(೨)

ಮೊದಲ ತಲೆಮಾರಿನ ಸಂಚಾರಿ ದೂರವಾಣಿಗಳಲ್ಲಿ ಮಾತಿಗೆ ಯಾವ ಮರೆಯೂ ಇರಲಿಲ್ಲ. ತಕ್ಕ ರೇಡಿಯೋ ಯಂತ್ರವಿದ್ದವರು ಆ ಸಂಭಾಷಣೆಯನ್ನು ಹಾಗೆಯೇ ಕೇಳಬಹುದಾಗಿತ್ತು. ಒಬ್ಬನ ಫೋನಿನ ಸಂಖ್ಯೆಗಳನ್ನು ಗಾಳಿಯಿಂದ ಹಿಡಿದು ಇನ್ನೊಂದು ಫೋನಿಗೆ ತುಂಬಿ, ಅವನ ಲೆಕ್ಕದಲ್ಲಿ ಕರೆಮಾಡುವ ವಂಚಕರೂ ಇದ್ದರು. ಯೂರೋಪಿನಲ್ಲಿ ರಚಿತವಾದ ಜಿ.ಎಸ್.ಎಂ. ಎಂಬ ಎರಡನೆಯ ತಲೆಮಾರಿನ ಪದ್ಧತಿಯು ಈ ಎರಡು ಕೇಡುಗಳಿಗೂ ಪರಿಹಾರವನ್ನು ತಂದಿತು. ೧೯೯೧ರ ಜುಲೈ ೧ರಂದು ಫಿನ್ಲೆಂಡಿನಲ್ಲಿ ಈ ಪದ್ಧತಿಯ ಮೊದಲ ಸಾರ್ವಜನಿಕ ಕರೆ ನಡೆಯಿತು.

ಈ ಪದ್ಧತಿಯ ಪರೀಕ್ಷಾಕ್ರಮವು ಸೊಗಸಾದುದು. ಜಾಲವು ಫೋನಿಗೆ ಮನಬಂದ ಒಂದು ಸಂಖ್ಯೆಯನ್ನು ಪ್ರಶ್ನೆಯಾಗಿ ಕಳುಹಿಸುವುದು. ಸಿಮ್ ಕಾರ್ಡು ಆ ಸಂಖ್ಯೆಯನ್ನೂ ತನ್ನ ಗುಪ್ತ ಕೀಲಿಯನ್ನೂ ಒಂದು ಗಣಿತಸೂತ್ರದಲ್ಲಿ ಹಾಕಿ ಉತ್ತರವನ್ನು ಕಳುಹಿಸುವುದು. ಕಂಪನಿಯೂ ತನ್ನಲ್ಲಿರುವ ಕೀಲಿಯಿಂದ ಅದೇ ಲೆಕ್ಕವನ್ನು ಮಾಡಿ, ಎರಡು ಉತ್ತರಗಳೂ ಕೂಡಿಬಂದರೆ ಚಂದಾದಾರನನ್ನು ಒಪ್ಪಿಕೊಳ್ಳುವುದು. ಕೀಲಿಯು ಗಾಳಿಯಲ್ಲಿ ಹೋಗುವುದೇ ಇಲ್ಲವಾದ್ದರಿಂದ ನಡುವೆ ಕೇಳುವವನಿಗೆ ಅದು ದೊರೆಯುವ ಸಂಭವವಿಲ್ಲ. ಇದೇ ಲೆಕ್ಕದಿಂದ ಹುಟ್ಟಿದ ಇನ್ನೊಂದು ತಾತ್ಕಾಲಿಕ ಕೀಲಿಯಿಂದ ಮಾತನ್ನು ಗೂಢಲಿಪಿಗೆ ತಿರುಗಿಸಿ ಕಳುಹಿಸಲಾಗುವುದು.

ಆದರೆ ಈ ಪರೀಕ್ಷೆ ಒಮ್ಮುಖವಾದುದು. ಜಾಲವು ಫೋನನ್ನು ಪರೀಕ್ಷಿಸುವುದೇ ಹೊರತು ಫೋನು ಜಾಲವನ್ನು ಪರೀಕ್ಷಿಸುವುದಿಲ್ಲ. ಟವರೆಂದು ಹೇಳಿಕೊಂಡು ಬಂದ ಯಂತ್ರವನ್ನು ಫೋನು ಟವರೆಂದೇ ನಂಬುವುದು. ಇಷ್ಟು ದೊಡ್ಡ ಲೋಪವು ನಿರ್ಮಾಪಕರ ಕಣ್ಣಿಗೆ ಬೀಳಲಿಲ್ಲವೇ ಎಂದು ವಾಚಕರು ಕೇಳಬಹುದು. ೧೯೮೦ರ ದಶಕದಲ್ಲಿ ಟವರಿನ ಯಂತ್ರವೆಂದರೆ ದೊಡ್ಡ ಕಂಪನಿಗಳಿಗೆ ಮಾತ್ರ ಎಟಕುವ ಬೆಲೆಯುಳ್ಳದ್ದು. ಅದನ್ನು ಕಳ್ಳನೊಬ್ಬನು ತಾನೇ ಕಟ್ಟಿಕೊಳ್ಳುವನೆಂಬ ಭಯಕ್ಕೆ ಆಗ ಹೆಚ್ಚಿನ ಆಸ್ಪದವಿರಲಿಲ್ಲ. ಕಂಪನಿಗಳನ್ನು ಬಾಧಿಸುತ್ತಿದ್ದ ಭಯವೆಂದರೆ ಹಣ ಕೊಡದೆ ಕರೆಮಾಡುವವರದು. ಆದುದರಿಂದ ಕಂಪನಿಯ ಬೊಕ್ಕಸಕ್ಕೆ ಕಾವಲಿಟ್ಟಷ್ಟು ಎಚ್ಚರದಿಂದ ಚಂದಾದಾರನ ಗುರುತಿಗೆ ಕಾವಲಿಡಲಿಲ್ಲ.

ಫಲವೇನಾಯಿತೆಂದರೆ, ಪ್ರಬಲವಾದ ಸಂಕೇತವನ್ನು ಬೀರುವ ಸುಳ್ಳು ಟವರೊಂದು ಸುತ್ತಲಿನ ಫೋನುಗಳನ್ನೆಲ್ಲ ತನ್ನೆಡೆಗೆ ಸೆಳೆದುಕೊಳ್ಳಬಲ್ಲುದು. ‘ನಿನ್ನ ಶಾಶ್ವತ ಸಂಖ್ಯೆಯೇನು?’ ಎಂದು ಅದು ಕೇಳಿದರೆ ಫೋನು ಮರೆಯಿಲ್ಲದೆ ಹೇಳಿಬಿಡುವುದು. ‘ಗೂಢಲಿಪಿ ಬೇಡ’ ಎಂದರೆ ಅದಕ್ಕೂ ಒಪ್ಪುವುದು. ಶಾಶ್ವತ ಸಂಖ್ಯೆಯನ್ನು ಪದೇ ಪದೇ ಕಳುಹಿಸಬೇಕಾಗದಂತೆ ತಾತ್ಕಾಲಿಕ ಸಂಖ್ಯೆಯೊಂದನ್ನು ಕೊಡುವ ಏರ್ಪಾಡು ಆ ಪದ್ಧತಿಯಲ್ಲಿಯೇ ಇತ್ತಾದರೂ, ಜಾಲವೇ ಕೇಳಿದಾಗ ಶಾಶ್ವತ ಸಂಖ್ಯೆಯನ್ನು ಹೇಳಲೇಬೇಕೆಂಬ ನಿಯಮದಿಂದ ಅದು ನಿಷ್ಫಲವಾಯಿತು. ಇಂಥ ಯಂತ್ರಗಳನ್ನು ಹಲವು ದೇಶಗಳ ಪೋಲೀಸರೂ ಬೇಹುಗಾರರೂ ಬಹುಕಾಲದಿಂದ ಬಳಸುತ್ತಿದ್ದರು. ೨೦೧೦ರಲ್ಲಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಸೇರಿದ ಭದ್ರತಾತಜ್ಞರ ಸಮ್ಮೇಳನದಲ್ಲಿ ಸುಮಾರು ೧,೫೦೦ ಡಾಲರ್ ಬೆಲೆಯ ಸಾಮಗ್ರಿಯಿಂದಲೇ ಇಂಥ ಟವರನ್ನು ಕಟ್ಟಿ ಎಲ್ಲರೆದುರಿಗೆ ತೋರಿಸಲಾಯಿತು. ಯಂತ್ರವು ದುಬಾರಿಯೆಂಬ ನೆಚ್ಚಿಕೆ ಅಲ್ಲಿಗೆ ಮುಗಿಯಿತು.

(೩)

ಇನ್ನು ಗೂಢಲಿಪಿಯ ವಿಚಾರ. ಈ ಶಾಸ್ತ್ರದಲ್ಲಿ ಮೂಲಭೂತವೆಂದು ಗಣ್ಯವಾಗಿರುವ ತತ್ತ್ವವೊಂದನ್ನು ೧೮೮೩ರಲ್ಲಿ ಪ್ರತಿಪಾದಿಸಿದವನು ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬಾತ. ಪ್ಯಾರಿಸ್ಸಿನಲ್ಲಿ ಜರ್ಮನ್ ಭಾಷೆಯನ್ನು ಕಲಿಸುತ್ತಿದ್ದ ಅಧ್ಯಾಪಕ ಈತನೆಂಬುದು ನಮ್ಮ ವಾಚಕರಿಗೆ ಸ್ವಾರಸ್ಯವಾದೀತು. ಗೂಢಲಿಪಿಯ ಪದ್ಧತಿಯು ಶತ್ರುವಿನ ಕೈಗೆ ಸಿಕ್ಕಿದರೂ ಬಾಧಕವಾಗಕೂಡದು, ಕೀಲಿಯೊಂದು ಮಾತ್ರ ಗುಪ್ತವಾಗಿದ್ದರೆ ಸಾಕು ಎಂಬುದು ಆತನ ಮತದ ಸಾರ. ಪದ್ಧತಿಯನ್ನೇ ಬಚ್ಚಿಡುವವನು ಅದರ ದೋಷಗಳನ್ನೂ ಬಚ್ಚಿಟ್ಟಂತಾಗುವುದು. ವಿದ್ವಾಂಸರು ಪರೀಕ್ಷಿಸಿ ತಿದ್ದುವ ಅವಕಾಶವೇ ಅಲ್ಲಿರುವುದಿಲ್ಲ.

ಜಿ.ಎಸ್.ಎಂ. ನಿರ್ಮಾಪಕರು ಈ ತತ್ತ್ವವನ್ನು ಮೀರಿ ತಮ್ಮ ಸೂತ್ರಗಳನ್ನು ಗುಪ್ತವಾಗಿಟ್ಟರು. ಮಾತನ್ನು ಮರೆಮಾಡಲು ಎ೫/೧ ಎಂಬ ಒಂದು ಸೂತ್ರವನ್ನೂ, ಕೆಲವು ದೇಶಗಳಿಗೆ ಕಳುಹಿಸುವುದಕ್ಕಾಗಿ ಬೇಕೆಂದೇ ದುರ್ಬಲಗೊಳಿಸಿದ ಎ೫/೨ ಎಂಬ ಇನ್ನೊಂದನ್ನೂ ರಚಿಸಿದರು. ೧೯೯೮ರಲ್ಲಿ ಅಮೆರಿಕದ ಮಾರ್ಕ್ ಬ್ರಿಸೆನೋ, ಇಯಾನ್ ಗೋಲ್ಡ್‌ಬರ್ಗ್, ಡೇವಿಡ್ ವ್ಯಾಗ್ನರ್ ಎಂಬ ಮೂವರು, ಅನೇಕ ಸಿಮ್ ಕಾರ್ಡುಗಳಲ್ಲಿದ್ದ ಪರೀಕ್ಷಾಸೂತ್ರವನ್ನು ಬಿಡಿಸಿ, ಕಾರ್ಡು ಕೈಯಲ್ಲಿದ್ದರೆ ಅದರ ಗುಪ್ತ ಕೀಲಿಯನ್ನು ಹೊರತೆಗೆಯಬಹುದೆಂದು ತೋರಿಸಿದರು. ಮಾತನ್ನು ಕಾಯುವ ತಾತ್ಕಾಲಿಕ ಕೀಲಿಯು ೬೪ ಬಿಟ್‌ಗಳದ್ದೆಂದು, ಎಂದರೆ ಸೊನ್ನೆ ಅಥವಾ ಒಂದು ಆಗಿರಬಹುದಾದ ೬೪ ಸ್ಥಾನಗಳುಳ್ಳದ್ದೆಂದು ಹೇಳಲಾಗಿತ್ತು. ಆ ಕಾರ್ಡುಗಳಲ್ಲಿ ಕೊನೆಯ ಹತ್ತು ಸ್ಥಾನಗಳೂ ಯಾವಾಗಲೂ ಸೊನ್ನೆಯೇ ಎಂಬುದು ಆಗ ಹೊರಬಿದ್ದಿತು. ಒಂದೊಂದು ಸ್ಥಾನ ತಪ್ಪಿದಂತೆ ಕೀಲಿಯನ್ನು ಹುಡುಕುವ ಶ್ರಮವು ಅರ್ಧಕ್ಕಿಳಿಯುವುದಾದ್ದರಿಂದ, ಹತ್ತು ಸ್ಥಾನಗಳು ಹೋದರೆ ಉಳಿಯುವುದು ೧,೦೨೪ರಲ್ಲಿ ಒಂದು ಪಾಲು ಮಾತ್ರ.

೨೦೦೩ರಲ್ಲಿ ಇಸ್ರೇಲಿನ ಎಲಾಡ್ ಬಾರ್ಕನ್, ಎಲಿ ಬಿಹಾಮ್, ನೇಥನ್ ಕೆಲರ್ ಎಂಬವರು ಎ೫/೨ ಸೂತ್ರವನ್ನು ಕ್ಷಣಮಾತ್ರದಲ್ಲಿ ಭೇದಿಸಬಹುದೆಂದು ತೋರಿಸಿದುದಲ್ಲದೆ, ಎರಡು ಸೂತ್ರಗಳಿಗೂ ಒಂದೇ ಕೀಲಿ ಬಳಕೆಯಾಗುವುದರಿಂದ ದುರ್ಬಲ ಸೂತ್ರದ ಮೂಲಕ ಪಡೆದ ಕೀಲಿ ಬಲವಾದುದಕ್ಕೂ ಸಲ್ಲುವುದೆಂದು ನಿರೂಪಿಸಿದರು. ಸುಳ್ಳು ಟವರು ಇಲ್ಲಿಯೂ ಒದಗಿಬರುವುದು: ದುರ್ಬಲ ಸೂತ್ರವನ್ನೇ ಬಳಸೆಂದು ಅದು ಹೇಳಿದರೆ ಫೋನು ಕೇಳುವುದಷ್ಟೆ. ೨೦೦೯ರ ಕೊನೆಯಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ಕಾರ್ಸ್ಟನ್ ನೋಲ್ ಎಂಬ ಜರ್ಮನ್ ತಜ್ಞನು, ಎ೫/೧ನ್ನು ಭೇದಿಸಲು ಬೇಕಾದ ಕೋಷ್ಟಕಗಳನ್ನು ಸಿದ್ಧಪಡಿಸಿರುವುದಾಗಿ ಪ್ರಕಟಿಸಿದನು. ಗುಪ್ತತೆಯನ್ನು ನೆಚ್ಚಿದ ಸೂತ್ರಗಳು ಹೀಗೆ ಒಂದೊಂದಾಗಿ ಬಯಲಾದುವು.

(೪)

ಇಲ್ಲಿಯವರೆಗೆ ಹೇಳಿದುದು ಫೋನಿಗೂ ಟವರಿಗೂ ನಡುವಣ ಸಂಗತಿ. ಜಾಲಜಾಲಗಳ ನಡುವೆ ನಡೆಯುವ ವ್ಯವಹಾರವು ಬೇರೆಯೇ ಇದೆ. ಮೈಸೂರಿನ ಚಂದಾದಾರನೊಬ್ಬನು ಲಂಡನ್ನಿಗೆ ಹೋದಾಗ ಅವನಿಗೆ ಕರೆಯನ್ನು ಮುಟ್ಟಿಸಬೇಕಾದರೆ ಅಲ್ಲಿನ ಕಂಪನಿಯೂ ಇಲ್ಲಿನ ಕಂಪನಿಯೂ ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳಬೇಕು. ಇದಕ್ಕಾಗಿ ರಚಿತವಾದ ಸಂಕೇತಪದ್ಧತಿಗೆ ಎಸ್.ಎಸ್.೭ ಎಂದು ಹೆಸರು. ೧೯೮೦ರಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆಯ ರೂಪಕ್ಕೆ ಬಂದ ಈ ಪದ್ಧತಿಯು ತಂತಿಯ ದೂರವಾಣಿಯ ಕಾಲದ್ದು. ಆಗ ದೂರವಾಣಿಯನ್ನು ನಡಸುತ್ತಿದ್ದವರು ಬಹುಮಟ್ಟಿಗೆ ಸರ್ಕಾರಗಳು ಅಥವಾ ಕೆಲವೇ ದೊಡ್ಡ ಕಂಪನಿಗಳು. ಪರಸ್ಪರ ಸಂದೇಹಕ್ಕೆ ಎಡೆಯಿರಲಿಲ್ಲ. ಆದುದರಿಂದ ಪಂಕ್ತಿಯೊಳಗೆ ಕುಳಿತವನ ಕುಲವನ್ನು ಕೇಳುವ ಕ್ರಮವನ್ನೇ ಆ ಪದ್ಧತಿಯಲ್ಲಿ ಇಡಲಿಲ್ಲ. ‘ಈ ಚಂದಾದಾರನು ಈಗ ಎಲ್ಲಿರುವನು?’, ‘ಇವನು ಈಗ ನಮ್ಮಲ್ಲಿರುವನು, ಇವನ ಸಂದೇಶಗಳನ್ನು ಇತ್ತ ಕಳುಹಿಸಿ’ ಎಂದು ಯಾವ ಜಾಲದಿಂದ ಸಂದೇಶ ಬಂದರೂ ಅದು ನಿಜವೆಂದೇ ಗಣ್ಯವಾಗುತ್ತಿತ್ತು. ಮುಂದೆ ಕಂಪನಿಗಳು ನೂರಾರಾದುವು. ಈ ಪಂಕ್ತಿಯಲ್ಲಿ ಸ್ಥಾನವನ್ನು ಬಾಡಿಗೆಗೆ ಕೊಡುವವರೂ ಹುಟ್ಟಿಕೊಂಡರು. ನಂಬಿಕೆ ಮಾತ್ರ ಹಳೆಯದಾಗಿಯೇ ಉಳಿಯಿತು.

ವಿಶಾಖದತ್ತನ ಮುದ್ರಾರಾಕ್ಷಸವನ್ನು ಓದಿದವರಿಗೆ ಈ ಸನ್ನಿವೇಶವು ಅಪರಿಚಿತವಲ್ಲ. ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಗೆ ಸೇರುವುದು. ಶಕಟದಾಸನ ಕೈಯಿಂದ ಬರೆಯಿಸಿದ ಓಲೆಗೆ ಆ ಮುದ್ರೆ ಬೀಳುವುದು. ಅದನ್ನು ಕಂಡ ಮಲಯಕೇತುವು ತನ್ನ ಅಮಾತ್ಯನನ್ನೇ ಶಂಕಿಸುವನು. ಅಲ್ಲಿ ಮುದ್ರೆ ನಿಜವಾದುದೇ. ಒತ್ತಿದ ಕೈ ಮಾತ್ರ ಬೇರೆ. ಎಸ್.ಎಸ್.೭ ಜಾಲವೂ ಮುದ್ರೆಯನ್ನು ನೋಡುವುದಲ್ಲದೆ ಒತ್ತಿದ ಕೈಯನ್ನು ನೋಡುತ್ತಿರಲಿಲ್ಲ.

೨೦೧೪ರ ಡಿಸೆಂಬರಿನಲ್ಲಿ ಹ್ಯಾಂಬರ್ಗ್ ನಗರದ ಸಮ್ಮೇಳನವೊಂದರಲ್ಲಿ ಟೋಬಿಯಾಸ್ ಎಂಗೆಲ್ ಮತ್ತು ಕಾರ್ಸ್ಟನ್ ನೋಲ್ ಇಬ್ಬರೂ, ಕೇವಲ ಫೋನ್ ನಂಬರೊಂದು ತಿಳಿದಿದ್ದರೆ ಲೋಕದ ಯಾವ ಮೂಲೆಯಿಂದಾದರೂ ಆ ಚಂದಾದಾರನ ನೆಲೆಯನ್ನು ಕಂಡುಹಿಡಿಯಬಹುದೆಂದೂ, ಅವನ ಕರೆಗಳನ್ನು ಬೇರೆಡೆಗೆ ತಿರುಗಿಸಬಹುದೆಂದೂ ವಿವರಿಸಿದರು. ೨೦೧೭ರ ಜನವರಿಯಲ್ಲಿ ಜರ್ಮನಿಯಲ್ಲಿ ಇದರ ಫಲ ಕಾಣಿಸಿಕೊಂಡಿತು. ಕಳ್ಳರು ಕೆಲವರ ಬ್ಯಾಂಕುಲೆಕ್ಕದ ಗುಪ್ತಪದಗಳನ್ನು ಮೊದಲೇ ಅಪಹರಿಸಿದ್ದರು. ಹಣವನ್ನು ಸಾಗಿಸಲು ಬೇಕಾದ, ಬ್ಯಾಂಕಿನಿಂದ ಫೋನಿಗೆ ಬರುವ ಒಂದು ಸಲದ ಸಂಖ್ಯೆಯನ್ನು, ವಿದೇಶೀ ಜಾಲವೊಂದರ ಮೂಲಕ ತಮ್ಮೆಡೆಗೆ ತಿರುಗಿಸಿಕೊಂಡು ಲೆಕ್ಕಗಳನ್ನು ಬರಿದುಮಾಡಿದರು. ಆ ಚಂದಾದಾರರ ದೂರವಾಣಿ ಕಂಪನಿಯಾದ ಓ೨ ಟೆಲಿಫೋನಿಕಾ ಅದೇ ವರ್ಷ ಮೇ ತಿಂಗಳಲ್ಲಿ ಇದನ್ನು ಒಪ್ಪಿಕೊಂಡಿತು. ಇದಾದ ಮೇಲೆ ಅನೇಕ ಕಂಪನಿಗಳು ಅನುಚಿತ ಸಂದೇಶಗಳನ್ನು ತಡೆಯುವ ಜರಡಿಗಳನ್ನು ಇಟ್ಟಿವೆ. ಆದರೆ ಮೂಲಪದ್ಧತಿಯ ಸ್ವಭಾವವನ್ನು ಜರಡಿಯು ಬದಲಿಸಲಾರದು.

(೫)

ಗೂಢಲಿಪಿಯ ಹೊದಿಕೆಯು ಫೋನಿನಿಂದ ಕಂಪನಿಯ ಯಂತ್ರದವರೆಗೆ ಮಾತ್ರ. ಅಲ್ಲಿಗೆ ಬಂದೊಡನೆ ಅದು ಕಳಚಿಬೀಳುವುದು. ಆ ಮಧ್ಯದ ಯಂತ್ರವನ್ನು ವಶಮಾಡಿಕೊಂಡವರಿಗೆ ಯಾವ ಸೂತ್ರವನ್ನೂ ಭೇದಿಸಬೇಕಾದ ಶ್ರಮವಿಲ್ಲ. ಇದಕ್ಕೆ ಪ್ರಸಿದ್ಧವಾದ ನಿದರ್ಶನವು ಗ್ರೀಸ್ ದೇಶದ್ದು.

ನ್ಯಾಯಾಲಯದ ಅಥವಾ ಸರ್ಕಾರದ ಅಪ್ಪಣೆಯಾದಾಗ ಕರೆಗಳನ್ನು ಆಲಿಸುವುದಕ್ಕಾಗಿ ದೂರವಾಣಿ ಕೇಂದ್ರದ ಯಂತ್ರಗಳಲ್ಲಿ ಒಂದು ಒಳಬಾಗಿಲನ್ನು ಇಡುವುದುಂಟು. ವೊಡಾಫೋನ್ ಗ್ರೀಸ್ ಕಂಪನಿಯು ಬಳಸುತ್ತಿದ್ದ ಎರಿಕ್ಸನ್ ಯಂತ್ರಗಳಲ್ಲಿ ಈ ಏರ್ಪಾಡಿನ ಮೂಲಭಾಗವು ಬಂದು ಕುಳಿತಿತ್ತು. ಅದನ್ನು ಆಳುವ ಮತ್ತು ಲೆಕ್ಕವಿಡುವ ಭಾಗವನ್ನು ಕಂಪನಿಯು ಕೊಂಡಿರಲಿಲ್ಲ. ಕಾವಲುಗಾರನಿಲ್ಲದ ಈ ಬಾಗಿಲನ್ನು ಅಜ್ಞಾತರಾದ ಯಾರೋ ೨೦೦೪ರಲ್ಲಿ ತೆರೆದರು. ಪ್ರಧಾನಮಂತ್ರಿ ಕೋಸ್ತಾಸ್ ಕರಮಾನ್ಲಿಸ್ ಮೊದಲುಗೊಂಡು ಮಂತ್ರಿಗಳೂ ಅಧಿಕಾರಿಗಳೂ ಸೇರಿ ಸುಮಾರು ನೂರು ಮಂದಿಯ ಕರೆಗಳು, ಯಾರ ಹೆಸರಿಗೂ ಸೇರದ ಕೆಲವು ಫೋನುಗಳಿಗೆ ಪ್ರತಿಯಾಗಿ ಹರಿದುಹೋಗುತ್ತಿದ್ದುವು. ೨೦೦೫ರ ಜನವರಿಯಲ್ಲಿ ಕೆಲವು ಕಿರುಸಂದೇಶಗಳು ಮುಟ್ಟಲಿಲ್ಲವೆಂಬ ದೂರಿನಿಂದ ವಿಚಾರಣೆ ಮೊದಲಾಗಿ, ಮಾರ್ಚಿಯಲ್ಲಿ ಈ ಕಳ್ಳಕ್ರಮವು ಗೊತ್ತಾಯಿತು. ೨೦೦೬ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರವು ಅದನ್ನು ಪ್ರಕಟಪಡಿಸಿತು. ಅದೇ ವರ್ಷದ ಕೊನೆಯಲ್ಲಿ ಕಂಪನಿಗೆ ೭೬ ದಶಲಕ್ಷ ಯೂರೋಗಳ ದಂಡ ಬಿದ್ದಿತು. ಧರ್ಮಕಾರ್ಯಕ್ಕೆಂದು ತೆರೆದ ಬಾಗಿಲು ಧರ್ಮಿಷ್ಠರಿಗೆ ಮಾತ್ರ ತೆರೆದುಕೊಳ್ಳುವುದೆಂದು ನಂಬಲಾಗದೆಂಬುದು ಈ ಪ್ರಕರಣದ ಪಾಠ.

(೬)

ಇಷ್ಟರಿಂದ ಸುಧಾರಣೆಯೇ ಆಗಿಲ್ಲವೆಂದು ಭಾವಿಸಬಾರದು. ಮೂರನೆಯ ತಲೆಮಾರಿನ ಪದ್ಧತಿಯಲ್ಲಿ ಪರೀಕ್ಷೆಯು ಇಮ್ಮುಖವಾಯಿತು: ಜಾಲವೂ ತಾನು ನಿಜವಾದುದೆಂದು ಸಿಮ್ ಕಾರ್ಡಿಗೆ ತೋರಿಸಿಕೊಡಬೇಕಾಯಿತು. ಗೂಢಲಿಪಿಯ ಸೂತ್ರಗಳನ್ನು ಪ್ರಕಟಿಸಿ ವಿದ್ವಾಂಸರ ಪರೀಕ್ಷೆಗೆ ಒಡ್ಡಿದರು. ಕೀಲಿಯ ಉದ್ದವು ೧೨೮ ಬಿಟ್‌ಗಳಿಗೇರಿತು. ೨೦೦೯ರಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋ ನಗರಗಳಲ್ಲಿ ಮೊದಲುಗೊಂಡ ನಾಲ್ಕನೆಯ ತಲೆಮಾರು ಇದನ್ನೇ ಮುಂದುವರಿಸಿತು. ಇವೆಲ್ಲ ಗುಟ್ಟಿನ ರಕ್ಷಣೆಗಳು. ಗುರುತಿನ ವಿಷಯದಲ್ಲಿ ಈ ಎರಡು ತಲೆಮಾರುಗಳೂ ಹಳೆಯ ದಾರಿಯನ್ನೇ ಹಿಡಿದುವು. ಪರಸ್ಪರ ಪರೀಕ್ಷೆ ನಡೆಯುವುದಕ್ಕೆ ಮೊದಲೇ ಫೋನು ತಾನಾರೆಂಬುದನ್ನು ಹೇಳಬೇಕಾದುದರಿಂದ, ಶಾಶ್ವತ ಸಂಖ್ಯೆಯು ಅಗತ್ಯಬಿದ್ದಾಗ ಮರೆಯಿಲ್ಲದೆಯೇ ಹೋಗುತ್ತಿತ್ತು. ೨೦೧೮ರಲ್ಲಿ ನಿಷ್ಕರ್ಷೆಯಾದ ಐದನೆಯ ತಲೆಮಾರಿನ ನಿಯಮಗಳಲ್ಲಿ ಮಾತ್ರ ಆ ಸಂಖ್ಯೆಯಲ್ಲಿ ಚಂದಾದಾರನನ್ನು ವಿಶೇಷವಾಗಿ ಸೂಚಿಸುವ ಭಾಗವನ್ನು, ಅವನ ಸ್ವಂತ ಕಂಪನಿಯೊಂದೇ ಬಿಡಿಸಬಲ್ಲ ಗೂಢಲಿಪಿಯಲ್ಲಿ ಕಳುಹಿಸುವ ಏರ್ಪಾಡಾಯಿತು. ಗುಟ್ಟಿಗೆ ೧೯೯೧ರಲ್ಲಿ ದೊರೆತ ಹೊದಿಕೆಯು ಗುರುತಿಗೆ ದೊರೆಯಲು ಕಾಲುಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಈ ಹೊದಿಕೆಗೂ ಎರಡು ಮಿತಿಗಳುಂಟು. ಕಂಪನಿಯು ಬಯಸಿದರೆ ಇದನ್ನು ಬಳಸದಿರಲು ನಿಯಮವು ಅವಕಾಶ ಕೊಟ್ಟಿದೆ. ಮತ್ತು ಹಳೆಯ ಜಾಲಗಳು ಬದುಕಿರುವವರೆಗೆ, ಹೊಸ ಫೋನನ್ನೂ ಉಪಾಯದಿಂದ ಹಳೆಯ ಜಾಲಕ್ಕೆ ಇಳಿಸುವುದು ಸಾಧ್ಯ. ೨೦೨೧ರಿಂದ ಆಂಡ್ರಾಯ್ಡ್ ಫೋನುಗಳಲ್ಲಿ ಎರಡನೆಯ ತಲೆಮಾರಿನ ಸಂಪರ್ಕವನ್ನು ಒಡೆಯನೇ ನಿಲ್ಲಿಸಿಕೊಳ್ಳುವ ಸೌಕರ್ಯವನ್ನು ತರಲಾಗಿದೆ. ಆದರೆ ಸಾದಾ ಫೋನನ್ನು ಹಿಡಿದಿರುವ ಬಡವನಿಗೆ ಆ ಹಳೆಯ ಜಾಲವೇ ಗತಿ. ಹೀಗಾಗಿ ಎಲ್ಲಕ್ಕಿಂತ ದುರ್ಬಲವಾದ ರಕ್ಷಣೆಯು ಎಲ್ಲರಿಗಿಂತ ದುರ್ಬಲನಾದವನ ಪಾಲಿಗೆ ಬಂದಿದೆ.

(೭)

ಮಾತನ್ನು ಫೋನಿನಿಂದ ಫೋನಿನವರೆಗೂ ಗೂಢಲಿಪಿಯಲ್ಲಿಯೇ ಸಾಗಿಸುವ ಪದ್ಧತಿಯು ೨೦೧೬ರಲ್ಲಿ ವಾಟ್ಸಾಪಿನ ಮೂಲಕ ಕೋಟ್ಯಂತರ ಜನರಿಗೆ ದೊರೆಯಿತು. ಅಥೆನ್ಸಿನಲ್ಲಿ ನಡೆದಂತೆ ಕೇಂದ್ರದ ಯಂತ್ರವನ್ನು ಹಿಡಿದವರಿಗೂ ಇಂಥ ಮಾತು ತಿಳಿಯಲಾರದು. ಗುಟ್ಟು ಈ ಮಟ್ಟಿಗೆ ಭದ್ರವಾಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ಫೋನು ಎಲ್ಲಿದೆಯೆಂಬುದು ಕಂಪನಿಯ ದಫ್ತರದಲ್ಲಿ ಇದ್ದೇ ಇರುವುದು.

ಆ ದಫ್ತರದಿಂದ ಎಷ್ಟು ತಿಳಿಯಬಹುದೆಂಬುದನ್ನು ಜರ್ಮನಿಯ ಹಸಿರು ಪಕ್ಷದ ರಾಜಕಾರಣಿ ಮಾಲ್ಟೆ ಸ್ಪಿಟ್ಸ್ ಪ್ರತ್ಯಕ್ಷವಾಗಿ ತೋರಿಸಿದನು. ತನ್ನ ದೂರವಾಣಿ ಕಂಪನಿಯ ಮೇಲೆ ದಾವೆ ಹೂಡಿ, ೨೦೦೯ರ ಆಗಸ್ಟಿನಿಂದ ೨೦೧೦ರ ಫೆಬ್ರವರಿಯವರೆಗಿನ ಆರು ತಿಂಗಳ ತನ್ನದೇ ದಾಖಲೆಗಳನ್ನು ಪಡೆದು, ೨೦೧೧ರಲ್ಲಿ ಪತ್ರಿಕೆಯೊಂದರ ಮೂಲಕ ಅವುಗಳನ್ನು ಪ್ರಕಟಿಸಿದನು. ೩೫,೦೦೦ಕ್ಕೂ ಹೆಚ್ಚಾದ ಆ ದಾಖಲೆಗಳಲ್ಲಿ ಅವನಾಡಿದ ಒಂದು ಮಾತೂ ಇರಲಿಲ್ಲ. ಆದರೂ ಅವನು ಯಾವ ರೈಲಿನಲ್ಲಿ ಹೋದನು, ಎಲ್ಲಿ ತಂಗಿದನು, ಯಾವ ಹೊತ್ತಿಗೆ ಮಲಗಿದನು ಎಂಬುದೆಲ್ಲವನ್ನೂ ಅವುಗಳಿಂದ ಊಹಿಸಬಹುದಾಗಿತ್ತು. ಇಂಥ ದಾಖಲೆಗಳನ್ನು ಕೂಡಿಡಬೇಕೆಂದಿದ್ದ ಕಾನೂನನ್ನು ಜರ್ಮನಿಯ ಸಂವಿಧಾನ ನ್ಯಾಯಾಲಯವು ೨೦೧೦ರ ಮಾರ್ಚಿಯಲ್ಲಿ ರದ್ದುಪಡಿಸಿತು.

ನಮ್ಮ ದೇಶದಲ್ಲಿ ೧೮೮೫ರ ಟೆಲಿಗ್ರಾಫ್ ಕಾಯಿದೆಯ ಆಧಾರದ ಮೇಲೆ ಸರ್ಕಾರವು ಕರೆಗಳನ್ನು ಆಲಿಸುತ್ತಿತ್ತು. ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯವು, ದೂರವಾಣಿಯ ಸಂಭಾಷಣೆಯು ವ್ಯಕ್ತಿಯ ಖಾಸಗಿತನಕ್ಕೆ ಸೇರಿದುದೆಂದು ತೀರ್ಮಾನಿಸಿ, ಆಲಿಸುವ ಆಜ್ಞೆಯನ್ನು ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯೇ ಕೊಡಬೇಕೆಂದೂ, ಅದನ್ನು ಒಂದು ಸಮಿತಿ ಪರಿಶೀಲಿಸಬೇಕೆಂದೂ ವಿಧಿಸಿತು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಮೊದಲ ಅರ್ಜಿದಾರರಾದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಇಲ್ಲಿಯೂ ನಮ್ಮ ಮೊದಲಿನ ಭೇದವನ್ನು ನೆನೆಯಬೇಕು. ೧೯೯೬ರ ತೀರ್ಪು ನಿಯಮವಿಟ್ಟದ್ದು ಮಾತನ್ನು ಆಲಿಸುವುದಕ್ಕೆ, ಎಂದರೆ ಗುಟ್ಟಿಗೆ. ಯಾರು ಯಾರಿಗೆ ಯಾವಾಗ ಕರೆಮಾಡಿದರೆಂಬ ದಾಖಲೆಗಳಾದರೋ ಬೆಳೆಯುತ್ತಲೇ ಹೋಗಿವೆ. ಕಂಪನಿಗಳು ಅವುಗಳನ್ನು ಕನಿಷ್ಠ ಒಂದು ವರ್ಷ ಕಾಪಾಡಬೇಕೆಂದಿದ್ದ ನಿಬಂಧನೆಯನ್ನು ೨೦೨೧ರ ಡಿಸೆಂಬರಿನಲ್ಲಿ ಎರಡು ವರ್ಷಗಳಿಗೆ ಏರಿಸಲಾಯಿತು. ೨೦೧೭ರ ತೀರ್ಪಿನ ವಿಶಾಲವಾದ ತತ್ತ್ವವು ಗುರುತಿಗೂ ಅನ್ವಯಿಸುವುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆ ತತ್ತ್ವವನ್ನು ಗುರುತಿನ ದಾಖಲೆಗಳ ವಿಷಯದಲ್ಲಿ ವಿವರವಾದ ನಿಯಮಗಳನ್ನಾಗಿ ಮಾಡುವುದು ಶಾಸಕರ ಮತ್ತು ನ್ಯಾಯಾಲಯಗಳ ಕೆಲಸ.

ಒಟ್ಟಿನಲ್ಲಿ ಹೇಳುವುದಾದರೆ, ಗುಟ್ಟನ್ನು ಗಣಿತವು ಕಾಯಬಲ್ಲುದು. ಒಳ್ಳೆಯ ಸೂತ್ರವೂ ನೀಳವಾದ ಕೀಲಿಯೂ ಇದ್ದರೆ ಅದು ಬಹುಮಟ್ಟಿಗೆ ಸಾಧ್ಯವೆಂದು ಅನುಭವದಿಂದ ಸಿದ್ಧವಾಗಿದೆ. ಸಂಚರಿಸುವವನ ಗುರುತನ್ನು ಗಣಿತವೊಂದೇ ಕಾಯಲಾರದು. ಸುಳ್ಳು ಟವರಿನಿಂದ ಅದನ್ನು ಮರೆಮಾಡಬಹುದು. ನಿಜವಾದ ಜಾಲದಿಂದ ಮರೆಮಾಡಿದರೆ ಕರೆಯೇ ಬಂದು ಮುಟ್ಟದು. ಆದುದರಿಂದ ಜಾಲವು ತಿಳಿದುಕೊಳ್ಳಲೇಬೇಕಾದುದನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು, ಯಾರಿಗೆ ಯಾರ ಅಪ್ಪಣೆಯಿಂದ ಕೊಡಬೇಕು, ಕೊಟ್ಟುದನ್ನು ಚಂದಾದಾರನಿಗೆ ಎಂದಾದರೂ ತಿಳಿಸಬೇಕೇ ಎಂಬ ಪ್ರಶ್ನೆಗಳು ಯಂತ್ರಶಿಲ್ಪಿಗಳಿಗೆ ಮಾತ್ರ ಬಿಡತಕ್ಕವಲ್ಲ. ಗುಟ್ಟಿಗೂ ಗುರುತಿಗೂ ಇರುವ ಭೇದವನ್ನು ಮನಗಂಡ ವಿದ್ಯಾವಂತರು ಈ ಚರ್ಚೆಯಲ್ಲಿ ಭಾಗಿಗಳಾಗಬೇಕಾದುದು ಉಚಿತ.